ಹಸಿರು ಪೊಟ್ಟಣ

ರಾತ್ರಿಯಿಡೀ ಮನೆಯೊಳಗಿನ ತೇವ ಹೀರಿಕೊಂಡ ಯಂತ್ರದ ತೊಟ್ಟಿ ತುಂಬಿತ್ತು. ಬಿಖಿಮ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಚ್ಚಲಿಗೆ ಹೊರಟಿದ್ದಳು. ತೈವಾನಿನ ಕೀಲುಂಗ್ ಊರಿನ ಚಳಿಗಾಲದ ಮಳೆಯಲ್ಲಿ ದಿನದ ಮೊದಲ ಕೆಲಸ ಅದು. ಒಂದು ದಿನ ಮರೆತರೂ ಮಗಳ ಅಂಗಿಗಳು ಬೂಷ್ಟು ಹಿಡಿಯುತ್ತವೆ. ಅಷ್ಟರಲ್ಲಿ ಹೊರಗೆ ಹಾರ್ನ್ ಎರಡು ಸಲ ಕೂಗಿತು. ನೀರು ತುಳುಕಿ ಅವಳ ಪಾದ ನೆನೆಯಿತು.

ಮನೆ ಮುಂದಿನ ಗಾಡಿ ಲೈಟು ರಿಪೇರಿ ಅಂಗಡಿಯ ಶಟರ್ ಎತ್ತಿದರೆ ಹಳೆಯ ಗಿರಾಕಿ ಕೋ ತಾತನ ಹಳದಿ ಟ್ಯಾಕ್ಸಿ. ಮುಂಭಾಗದ ಎಡಮಗ್ಗುಲು ಉದ್ದಕ್ಕೂ ತರಚಿತ್ತು. ಎಡಗಡೆಯ ಹೆಡ್‌ಲೈಟಿನ ಒಳಗೆ ಮಂಜು ಕಟ್ಟಿ, ಹನಿಗಳು ಸಾಲಾಗಿ ಇಳಿಯುತ್ತಿದ್ದವು. ಮೂರು ವಾರದ ಹಿಂದೆ ಅವಳೇ ಬಿಚ್ಚಿ, ಒಣಗಿಸಿ, ಹೊಸ ಅಂಟು ಹಾಕಿ ಮುಚ್ಚಿಕೊಟ್ಟಿದ್ದ ಲೈಟು ಅದು.

"ನೋಡಮ್ಮ," ತಾತ ಕೊಡೆ ಮಡಚಿ ಲೈಟಿನತ್ತ ಕೈ ತೋರಿಸುತ್ತ ನಕ್ಕ. "ಕೆಲಸ ಬಿಡ್ತೀನಿ ಅಂದ್ರೆ ನನ್ನ ಹೆಂಡ್ತಿ ಕಣ್ಣಲ್ಲಿ ಒಂದು ಹನಿ ಬರ್ಲಿಲ್ಲ. ಇವಳೊಬ್ಬಳೇ ಅಳ್ತಿರೋದು."

"ಕೆಲಸ ಬಿಡ್ತೀರಾ? ಯಾಕೆ ಮಾಮ?"

"ಮೊನ್ನೆ ಸಂಜೆ ಬೆಟ್ಟದ ತಿರುವಿನಲ್ಲಿ ರಸ್ತೆ ಅಂಚಿನ ತಡೆಗಂಬೀನೇ ಕಾಣ್ಲಿಲ್ಲ ಕಣೆ. ಎಲ್ಲಾ ಬೆಳ್ಳಗೆ, ಹಾಲು ಚೆಲ್ಲಿದ ಹಾಗೆ. ಹಿಂದೆ ಒಬ್ಬ ಬಸುರಿ ಹುಡುಗಿ ಕೂತಿದ್ಲು. ಏನೂ ಆಗ್ಲಿಲ್ಲ, ಪುಣ್ಯ. ಅರವತ್ತೇಳು ವರ್ಷದ ಕಣ್ಣು, ಇನ್ನೆಷ್ಟು ದಿನ ನಂಬೋದು? ಹತ್ತು ಗಂಟೆಗೆ ಆಫೀಸಿಗೆ ಹೋಗಿ ಲೈಸೆನ್ಸ್ ವಾಪಸ್ ಕೊಟ್ಬಿಡ್ತೀನಿ. ಗಾಡಿ ಅಣ್ಣನ ಮಗನಿಗೆ. ಗುದ್ದಿದ ಏಟಿಗೆ ಲೈಟೊಳಗೆ ನೀರು ಹೋಗಿದೆ, ಅದೊಂದು ಸರಿ ಮಾಡ್ಕೊಡು."

"ಕಣ್ಣು ತೋರಿಸಿದ್ರಾ?"

"ತೋರಿಸೋದೇನು ಬಂತು? ಕಂಬೀನೇ ಹೇಳಿತಲ್ಲ."

ಬಿಖಿಮ್ ಬೋಲ್ಟು ಬಿಚ್ಚಿ ಲೈಟನ್ನು ಹೊರಗೆಳೆದಳು. ಗಾಜಿಗೆ ಬಿರುಕಿಲ್ಲ. ಅಂಚಿನ ಅಂಟು ಎಲ್ಲೂ ಬಿಟ್ಟಿಲ್ಲ. ತಿರುಗಿಸಿ ಹಿಂಬದಿ ನೋಡಿದವಳ ಕೈ ಅಲ್ಲೇ ನಿಂತಿತು.

ಲೈಟಿನ ಬೆನ್ನಿಗೆ ಕಡಲೆಕಾಳಿನಷ್ಟು ಒಂದು ತೂತಿರುತ್ತದೆ, ಅದು ಉಸಿರಾಡುವ ತೂತು. ಉರಿದಾಗ ಒಳಗಿನ ತೇವ ಅಲ್ಲಿಂದಲೇ ಹೊರಗೆ ಹೋಗಬೇಕು. ಆ ತೂತಿನ ಮೇಲೆ ಕರಿಯ ಅಂಟು ಮೆತ್ತಿತ್ತು. ಅಂಟಿನ ಮೇಲೆ ಒಂದು ಹೆಬ್ಬೆರಳಿನ ಗುರುತು, ಗೆರೆಗೆರೆಯಾಗಿ. ಅವಳದೇ.

ಅವತ್ತು ಅಂಟು ಒತ್ತುತ್ತಿದ್ದಾಗಲೇ ಮಗಳ ಶಾಲೆಯಿಂದ ಫೋನು ಬಂದಿತ್ತು, ಶಿನ್‌ರೂಗೆ ಜ್ವರ, ಬೇಗ ಬನ್ನಿ ಎಂದು. ಬೆರಳಿಗೆ ಉಳಿದಿದ್ದ ಅಂಟನ್ನು ಕಂಡಕಂಡ ಸಂದಿಗೆ ಒತ್ತಿ, ಕ್ಲಿಪ್ ಹಾಕಿ, ಆರಲು ಇಟ್ಟು ಓಡಿದ್ದಳು. ತಾತ ಹಾಲು ಚೆಲ್ಲಿದ ಹಾಗೆ ಎಂದದ್ದು ಈ ಮಂಜಿನಲ್ಲಿ ಚೆದುರಿದ ಬೆಳಕನ್ನೇ. ಗುದ್ದುವ ಮೊದಲೇ ಅದು ಒಳಗಿತ್ತು.

"ಏನಮ್ಮ, ಒಡೆದಿದೆಯಾ?"

"ಇಲ್ಲ ಮಾಮ." ಅವಳು ಅಂಗೈಯಿಂದ ಆ ಜಾಗ ಮುಚ್ಚಿಕೊಂಡಳು. "ಅಂಟು... ಚಳಿಗೆ ಸ್ವಲ್ಪ ಬಿಟ್ಟಿದೆ."

"ನಿನ್ನ ಕೆಲಸ ಎಂದೂ ಬಿಡೋದಿಲ್ಲ ಬಿಡು. ಏಟು ಜೋರಾಗಿತ್ತು." ತಾತ ಸ್ಟೂಲಿನ ಮೇಲೆ ಕೂತು ಗಡಿಯಾರ ನೋಡಿದ. ಒಂಬತ್ತು ಗಂಟೆ ಹತ್ತು ನಿಮಿಷ. "ನಲವತ್ತು ವರ್ಷ ಓಡಿಸಿದೆ. ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿರ್ಬೇಕು, ಅಲ್ವಾ?"

ಬಿಖಿಮ್ ಬೆನ್ನು ತಿರುಗಿಸಿ ಉಗುರಿನಿಂದ ಅಂಟು ಕೆರೆದಳು. ಹೆಬ್ಬೆರಳಿನ ಗುರುತು ಎಳೆಎಳೆಯಾಗಿ ಎದ್ದು ಬಂತು. ಹೇಳಬೇಕು ಎಂದುಕೊಂಡಳು. ಲೈಟನ್ನು ಅಂಟು ಕಾಯಿಸುವ ಕರೆಂಟು ಒಲೆಯೊಳಗೆ ಇಟ್ಟಮೇಲೆ ಹೇಳುತ್ತೇನೆ. ಇಟ್ಟಳು. ಅಂಟು ಮೆತ್ತಗಾದಮೇಲೆ ಹೇಳುತ್ತೇನೆ. ಕೋ ತಾತ ಬೈಯುವವನಲ್ಲ; ಬೈದಿದ್ದರೆ ಎಷ್ಟೋ ಸುಲಭವಿತ್ತು. ಆ ಬಸುರಿ ಹುಡುಗಿ ಯಾರೋ ಏನೋ, ಅವಳ ಕೈ ಹೊಟ್ಟೆಯ ಮೇಲಿದ್ದಂತೆ ಬಿಖಿಮ್‌ಗೆ ಮತ್ತೆಮತ್ತೆ ಕಾಣುತ್ತಿತ್ತು.

ಒಳಬಾಗಿಲಲ್ಲಿ ಶಿನ್‌ರೂ ಗಂಜಿಯ ಬಟ್ಟಲು ಹಿಡಿದು ನಿಂತಿದ್ದಳು. ಶಾಲೆಗೆ ಚಳಿಗಾಲದ ರಜೆ; ತಾತ ಬಂದರೆ ಓಡಿಬಂದು ಜೇಬು ತಡಕುವ ಎಂಟು ವರ್ಷದ ಹುಡುಗಿ ಇವತ್ತು ಹೊಸಿಲು ದಾಟಿರಲಿಲ್ಲ.

"ಏನೇ ಇಲಿಮರಿ, ತಾತನ ಮೇಲೆ ಕೋಪಾನಾ?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಅವಳ ಕಣ್ಣು ಒಲೆಯ ಮೇಲಿನ ಹಲಗೆಯತ್ತ ಇತ್ತು. ಅಲ್ಲಿ ಹಸಿರು ಪೊಟ್ಟಣದ ಜೋಳದ ತಿಂಡಿ ನೆಟ್ಟಗೆ ಕೂತಿತ್ತು. ಯಂತ್ರ ಹಟ ಮಾಡದೆ ಹೇಳಿದ ಮಾತು ಕೇಳಲಿ ಎಂಬ ನಂಬಿಕೆಯಿಂದ ಇಲ್ಲಿನ ಎಲ್ಲ ರಿಪೇರಿ ಅಂಗಡಿಗಳಲ್ಲೂ ಇಡುವಂಥದ್ದು. ಹಸಿರೇ ಆಗಬೇಕು, ತಾರೀಕು ಮೀರಬಾರದು, ಯಾರೂ ಒಡೆದು ತಿನ್ನಬಾರದು; ತಿಂದರೆ ಯಂತ್ರ ಕೆಡುತ್ತದೆ.

"ಗಂಜಿ ಆರ್ತಿದೆ, ತಿನ್ನು ಪುಟ್ಟಿ," ಎಂದಳು ಬಿಖಿಮ್, ಮಗಳ ಮುಖ ನೋಡದೆ.

ಒಲೆ ಟಿಣ್ ಎಂದಿತು. ತಾತ ಎದ್ದು ಕೋಟಿನ ಒಳಜೇಬಿನಿಂದ ಲೈಸೆನ್ಸ್ ತೆಗೆದು, ಮಬ್ಬಾದ ಪ್ಲಾಸ್ಟಿಕ್ಕನ್ನು ತೋಳಿಗೆ ಒರೆಸಿದ. "ಲೈಟು ನಿಧಾನಕ್ಕೆ ಮಾಡು. ನಾನು ಬಸ್ಸಿಗೆ ಹೋಗಿ ಬರ್ತೀನಿ. ಇನ್ಮೇಲೆ ಬಸ್ಸೇ ತಾನೆ."

ಅವನು ಕೊಡೆ ಬಿಚ್ಚುವಾಗ ಬಿಖಿಮ್ ಬಾಗಿ ಒಲೆಯಿಂದ ಲೈಟು ಹೊರತೆಗೆದಳು. ಕೈಗವಸಿನ ಕೈಯಲ್ಲಿ ಬಿಸಿ ಲೈಟು, ಹೆಬ್ಬೆರಳ ಉಗುರಿನಡಿ ಕರಿ ಅಂಟು.

ಹಿಂದೆ ಬಟ್ಟಲು ನೆಲಕ್ಕಿಟ್ಟ ಸದ್ದಾಯಿತು. ಶಿನ್‌ರೂ ಸ್ಟೂಲು ಹತ್ತಿ ಹಸಿರು ಪೊಟ್ಟಣವನ್ನು ಇಳಿಸಿದಳು. ಅದರ ತಳಕ್ಕೆ ಟೇಪು ಅಂಟಿಸಿತ್ತು. ಟೇಪು ಕಿತ್ತು ಅಲುಗಿಸಿದಾಗ ತಿಂಡಿಯ ಬದಲು ಮುದ್ದೆ ಮಾಡಿದ ನೋಟ್‌ಬುಕ್ಕಿನ ಹಾಳೆಗಳು ಒಂದೊಂದಾಗಿ ಉದುರಿದವು.

ತಾತ ಬಾಗಿಲಲ್ಲೇ ನಿಂತ.

"ಜ್ವರ ಬಂದ ದಿನ, ನೀನು ಔಷಧಿ ತರೋಕೆ ಹೋದಾಗ," ಹುಡುಗಿ ಬಿಕ್ಕಿದಳು. "ತಾತನ ಲೈಟು ಆರೋಕೆ ಇಟ್ಟಿದ್ಯಲ್ಲ, ಅವತ್ತೇ. ಅಮ್ಮಾ, ನಾನು ಇದನ್ನ ತಿಂದಿದ್ದಕ್ಕೇ ತಾತನ ಲೈಟೊಳಗೆ ನೀರು ಬಂತಾ?"