ನೋಡಿದವರು

ಚಳಿ ಹಿಡಿದು ಹಗಲು ಮೊಟಕಾದ ದಿನಗಳು. ಅಕ್ಕ ಕೋಳಿ ಶೆಡ್ಡಿನಲ್ಲಿ ಬಗ್ಗಿ ಬಗ್ಗಿ ಮೊಟ್ಟೆ ಆರಿಸುತ್ತಿದ್ದಳು. ತಮ್ಮ ತುಂಬಿದ ಟ್ರೇಗಳನ್ನು ವ್ಯಾನಿಗೆ ಸಾಗಿಸುತ್ತಿದ್ದ. ಬೆಳಕು ಕಡಿಮೆಯಾದರೆ ಕೋಳಿ ಮೊಟ್ಟೆಯಿಡುವುದೂ ಕಡಿಮೆ. ಅದಕ್ಕೇ ಹೊತ್ತು ಮುಳುಗುವಾಗ ದೀಪ ತಾನಾಗಿ ಹೊತ್ತಿಕೊಳ್ಳಲೆಂದು ಅವಳು ಹಿಂದೊಮ್ಮೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಂ ಬರೆದು, ಬೇಕಾದವರು ಬಳಸಲಿ ಎಂದು ಇಂಟರ್ನೆಟ್ಟಿಗೆ ಹಾಕಿದ್ದಳು. ಕಂಡು ಕೇಳರಿಯದ ಊರುಗಳ ಶೆಡ್ಡುಗಳೂ ಈಗ ಅದನ್ನೇ ನೆಚ್ಚಿಕೊಂಡಿದ್ದವು.

“ಇವತ್ತೂ ಬೈಗುಳ ಬಂತಾ?” ತಮ್ಮ ಕೇಳಿದ.

“ಬರದೇ ಇರ್ತಾವಾ? ಪೈಥಾನಿನ ಹೊಸ ಆವೃತ್ತಿ ಹಾಕ್ಕೊಂಡವರ ಶೆಡ್ಡಲ್ಲಿ ದೀಪ ಹೊತ್ತುತ್ತಿಲ್ಲ. ಬಾಯಿಗೆ ಬಂದಂಗೆ ಬರೀತಿದ್ದಾರೆ.”

“ಬಿಟ್ಟಿ ಕೊಟ್ಟು ಬೈಸಿಕೊಳ್ಳೋಳು ನೀನೊಬ್ಬಳೇ ಕಣಕ್ಕ. ಹಾವಿನ ಹೆಸರಿಟ್ಕೊಂಡ ಭಾಷೆ, ಕಚ್ಚದೇ ಬಿಡತ್ತಾ? ರಿಪೇರಿ ಮಾಡಿ ಕಳಿಸು ಅತ್ಲಾಗೆ.”

“ಅಣ್ಣ ಬೇಸಿಗೆಯಲ್ಲೇ ಮಾಡಿಟ್ಟಿದ್ದಾರೆ. ನಾನೇ ನೋಡಿಲ್ಲ.”

ಅಣ್ಣನೆಂದರೆ ಒಡಹುಟ್ಟಿದವನಲ್ಲ, ದೂರದ ನಗರದಲ್ಲಿ ಗಡಿಯಾರ ರಿಪೇರಿ ಮಾಡುವವರು. ಮುಖ ಕಂಡಿಲ್ಲ, ದನಿ ಕೇಳಿಲ್ಲ. ಅವಳ ಪ್ರೋಗ್ರಾಮಿನ ತಪ್ಪೊಂದನ್ನು ತಿದ್ದಿ ಕಳಿಸಿದವರು, ಹಾಗೇ ಜೊತೆಗೆ ನಿಂತುಬಿಟ್ಟಿದ್ದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ, ಕೆಳಗೆ ‘ನೋಡಿದವರು’ ಎಂದು ಹೆಸರು ಹಾಕದೆ ಯಾವುದನ್ನೂ ಜನಕ್ಕೆ ಬಿಡಬಾರದು. ಇದು ಇಬ್ಬರೂ ಮುರಿಯದೆ ನಡೆಸಿಕೊಂಡು ಬಂದ ಮಾತು. ದಿನವಿಡೀ ಕೋಳಿಗಳ ಜೊತೆಗಿರುವವಳಿಗೆ ತನ್ನ ಕೆಲಸವನ್ನು ಸಾಲುಸಾಲಾಗಿ ಓದುವ ಮನುಷ್ಯನೆಂದರೆ ಅವರೊಬ್ಬರೇ.

ಬೇಸಿಗೆಯಲ್ಲಿ ಹೊಸ ಆವೃತ್ತಿಗೆ ಹೊಂದುವಂತೆ ತಿದ್ದಿ ಕಳಿಸಿ, ‘ತಂಗಿ, ಪುರುಸೊತ್ತಾದಾಗ ನೋಡು’ ಎಂದು ಬರೆದಿದ್ದರು. ಶೆಡ್ಡಿಗೆ ಹೊಸ ತಗಡು ಹೊದಿಸುವ ಗಡಿಬಿಡಿ. ‘ನೋಡ್ತೀನಣ್ಣ’ ಎಂದವಳು ಮರೆತಳು. ನೆನಪಾಗಿ ಬರೆದಾಗ ಆ ಕಡೆಯಿಂದ ಉತ್ತರವಿಲ್ಲ. ಮತ್ತೆ ಬರೆದರೂ ಇಲ್ಲ. ಅವರಿಲ್ಲದೆ ಅದನ್ನು ತೆರೆಯಲು ಕೈ ಬರಲಿಲ್ಲ.

ವ್ಯಾನು ಹೋದ ಮೇಲೆ ಅವಳು ಕೈ ತೊಳೆದು ಕಂಪ್ಯೂಟರ್ ಮುಂದೆ ಕೂತು, ಅಣ್ಣ ಕಳಿಸಿದ್ದನ್ನು ತೆರೆದಳು. ಅಚ್ಚುಕಟ್ಟಾದ ಬರವಣಿಗೆ. ನಡುವೆ ಒಂದು ಸಾಲಿನಲ್ಲಿ ಕಣ್ಣು ನಿಂತಿತು. ನಿಮಿಷಗಳನ್ನು ಕೂಡಿಸುವ ಕಡೆ ಕಳೆದಿದ್ದರು. ಅವಳ ಹತ್ತಾರು ತಪ್ಪು ಹಿಡಿದವರು, ಹೀಗೆ ಎಂದೂ ಎಡವಿದವರಲ್ಲ. ಮೈ ಸರಿಯಿರಲಿಲ್ಲವೇ? ಆಗಲೇ ಓದಿದ್ದರೆ, ‘ಏನಣ್ಣ, ಹುಷಾರಿದ್ದೀರಾ?’ ಎಂದು ಕೇಳಬಹುದಿತ್ತು. ಕೇಳಿದರೆ ಉತ್ತರ ಕೊಡುವವರು ಆಗ ಅಲ್ಲಿದ್ದರು.

ಸಾಲು ತಿದ್ದಿದಳು. ಸಂಜೆ ತನ್ನ ಶೆಡ್ಡಿನಲ್ಲೇ ಅದನ್ನು ಓಡಿಸಿ ನೋಡಿದಳು. ದೀಪ ಹೊತ್ತಿಗೆ ಸರಿಯಾಗಿ ಹೊತ್ತಿತು. ವ್ಯಾನಿನಲ್ಲಿ ಹೋಗಿದ್ದ ತಮ್ಮ ವಾಪಸು ಬಂದು ಬೆನ್ನ ಹಿಂದೆ ನಿಂತಿದ್ದ.

“ನೋಡೋರು ಬೇಕಾ? ನನ್ನ ಹೆಸರು ಹಾಕ್ಕೋ.”

“ನಿನಗೆ ಒಡೆದ ಮೊಟ್ಟೆನೇ ಕಾಣಲ್ಲ, ಹೋಗೋ.”

ನಗುತ್ತಲೇ ಅಂದಳು, ಆದರೆ ತಿರುಗಿ ನೋಡಲಿಲ್ಲ.

ಅಣ್ಣನ ಬರವಣಿಗೆಯ ಕೆಳಗೆ ಬರೆದಳು: ‘ನೋಡಿದೆ ಅಣ್ಣ. ತಡವಾಯ್ತು. ಒಂದು ಕಡೆ ಕೂಡಿಸೋ ಬದಲು ಕಳೆದಿದ್ರಿ, ಸರಿ ಮಾಡಿದ್ದೀನಿ.’ ಅಲ್ಲೇ ‘ನೋಡಿದವರು’ ಎಂಬಲ್ಲಿ ತನ್ನ ಹೆಸರು ಹಾಕಿದಳು. ತಾನು ತಿದ್ದಿದ ಸಾಲಿಗೆ ‘ನೋಡಿದವರು’ ಎಂಬ ಜಾಗವನ್ನು ಖಾಲಿ ಇಟ್ಟು, ಪ್ರೋಗ್ರಾಮನ್ನು ಜನಕ್ಕೆ ಬಿಟ್ಟಳು.

ಬೈಗುಳಗಳು ನಿಂತವು. ದೀಪ ಹೊತ್ತಿತೆಂದು ಯಾರೂ ಬರೆಯಲಿಲ್ಲ.