ಪೇಪರಿನಲ್ಲಿ ಬೆಳೆದ ಮಗಳು

ಇದು ಶುರುವಾದದ್ದು ನವೆಂಬರಿನಲ್ಲಿ, ಸಂಜೆ ನಾಲ್ಕರ ಹೊತ್ತಿಗೆ. ಆ ತಿಂಗಳು ನಮ್ಮ ಸ್ಲೈಗೊ ಕಡೆ ನಾಲ್ಕಕ್ಕೇ ಕತ್ತಲು ಕವಿಯುತ್ತದೆ. ಲೈಬ್ರರಿಯ ಮಹಡಿಯ ಮೇಲೆ ದೀಪ ಹಾಕಿಕೊಂಡು ನಾವು ಮೂವರು ಮುದುಕಿಯರು ಮೇಜಿನ ಸುತ್ತ ಕೂತಿದ್ದೆವು. ಮೂವರೂ ಮದುವೆಗೆ ಮುಂಚೆ ಹೆತ್ತವರು. ಹೆರಿಗೆಗೆ ನಮ್ಮನ್ನಿಟ್ಟುಕೊಂಡ ಕಾನ್ವೆಂಟಿನ ಸಿಸ್ಟರುಗಳು ಮೂವರ ಕೂಸನ್ನೂ ಯಾರಿಗೋ ದತ್ತು ಕೊಟ್ಟಿದ್ದರು. ಆಗ ನಮ್ಮನ್ನು ಯಾರೂ ಕೇಳಲಿಲ್ಲ, ಆಮೇಲೆ ನಾವೂ ಯಾರಿಗೂ ಹೇಳಲಿಲ್ಲ.

ಚರ್ಚಿನ ಹಾಲ್ ಪುಕ್ಕಟೆ ಸಿಗುತ್ತಿತ್ತು. ಬೇಡವೆಂದವಳು ನಮ್ಮಲ್ಲೊಬ್ಬಳಾದ ಬ್ರೀಜ್. "ಅಲ್ಲಿ ಕೂತ್ರೆ ನನ್ನ ಬೆನ್ನು ತಾನಾಗೇ ನೆಟ್ಟಗಾಗತ್ತೆ, ಹಿಂದೆ ಸಿಸ್ಟರ್ ನಿಂತವ್ಳೇನೋ ಅಂತ" ಎಂದಿದ್ದಳು.

ನಮ್ಮನ್ನು ಕೂಡಿಸಿದ್ದು ಇಂಥ ತಾಯಂದಿರಿಗೆ ನೆರವಾಗುವ ಕೆಲಸಕ್ಕಿದ್ದ ಗ್ರಾನ್ಯಾ ಎಂಬ ಹುಡುಗಿ. ಬಣ್ಣದ ಕಾಗದ, ಕತ್ತರಿ, ಅಂಟು, ದಪ್ಪ ಹಾಳೆಯ ಖಾಲಿ ಪುಸ್ತಕಗಳನ್ನು ಹೊತ್ತು ತಂದಿದ್ದಳು. "ನಿಮ್ಮ ಮಗುವಿಗೆ ಅಂತ ಒಂದು ಪುಸ್ತಕ ಮಾಡಿ. ನೆನಪಿಗೆ ಏನಿದೆಯೋ ಅದನ್ನ ಅಂಟಿಸಿ. ಮನಸ್ಸಿಗೆ ಸ್ವಲ್ಪ ಹಗುರ ಆಗತ್ತೆ" ಅಂದಳು.

"ನೆನಪಿಗೆ ಏನು ಕೊಟ್ಟು ಕಳಿಸಿದ್ರು ನಮಗೆ? ಎದೆಹಾಲು ಬತ್ತೋಕೆ ಕಟ್ಟಿದ ಬಟ್ಟೇನಾ?" ಎಂದು ಬ್ರೀಜ್ ನಕ್ಕಳು. ಆ ಹುಡುಗಿಯ ಮುಖ ಕೆಂಪಾಯಿತು. ನನ್ನ ಹತ್ತಿರ ಉಣ್ಣೆಯ ಒಂದು ಕಾಲುಚೀಲವಿತ್ತು, ಹೆಬ್ಬೆರಳಿನಷ್ಟು. ನಾನು ಅದನ್ನೇ ಹಾಳೆಯ ನಡುವೆ ಹೊಲಿದೆ. ಅಂಟು ಹಾಕಲು ಮನಸ್ಸಾಗಲಿಲ್ಲ.

ಮೂರನೆಯವಳು ಅಟ್ರಾಕ್ಟಾ ಖಾಲಿ ಪುಸ್ತಕವನ್ನು ಮುಟ್ಟಲೇ ಇಲ್ಲ. ಚೀಲದಿಂದ ತನ್ನದೇ ಒಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಗೋಡೆಗೆ ಅಂಟಿಸುವ ಬಣ್ಣದ ಕಾಗದದ ಮಾದರಿ ತೋರಿಸಲು ಅಂಗಡಿಯವರು ಇಡುವ ದೊಡ್ಡ ಪುಸ್ತಕ ಅದು, ಬೆನ್ನು ಕಿತ್ತು ಎರಡು ಸಲ ಹೊಲಿದದ್ದು. ಮೈದಾ ಗಂಜಿಯ ಅಂಟಿಗೆ ಹಾಳೆಗಳು ಹಪ್ಪಳದ ಹಾಗೆ ಸೆಟೆದಿದ್ದವು.

"ನಾನು ಮೊದಲಿಂದಾನೂ ಮಾಡ್ತಾನೇ ಇದೀನಿ. ಇವಳು ನನ್ನ ರೋಸಲೀನ್" ಎಂದಳು.

ಮೊದಲ ಪುಟದಲ್ಲಿ ಬಿಳಿ ಮುಸುಕಿನ ಏಳು ವರ್ಷದ ಹುಡುಗಿ, ಚರ್ಚಿನಲ್ಲಿ ಮೊದಲ ಪರಮಪ್ರಸಾದ ತೆಗೆದುಕೊಂಡ ದಿನ. ನಮ್ಮ ಊರಿನ ವಾರಪತ್ರಿಕೆ ಪ್ರತಿ ಮೇ ತಿಂಗಳು ಎಲ್ಲ ಶಾಲೆಗಳ ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ ಚಿತ್ರ ಹಾಕುತ್ತದೆ. ಆ ಸಾಲಿನಿಂದ ಒಬ್ಬಳನ್ನೇ ಕತ್ತರಿಸಿದ್ದು. ಮುಂದೆ ಅದೇ ಹುಡುಗಿ ಕುಣಿತದ ಪಂದ್ಯದಲ್ಲಿ ಗೆದ್ದ ಬಟ್ಟಲು ಹಿಡಿದಿದ್ದಾಳೆ. ದೃಢೀಕರಣದ ದಿನ ಬಿಷಪ್ಪರ ಮುಂದೆ ನಿಂತಿದ್ದಾಳೆ. ಕೆಮೋಗಿ ಆಟದ ಕೋಲು ಹಿಡಿದು ಕೆಸರಾಗಿದ್ದಾಳೆ. ಶಾಲೆ ಮುಗಿದ ವರ್ಷದ ನೃತ್ಯಕ್ಕೆ ಉದ್ದ ಗೌನು ತೊಟ್ಟಿದ್ದಾಳೆ. ಎಲ್ಲ ಚಿತ್ರಗಳ ಕೆಳಗೂ ಹೆಸರನ್ನು ಕತ್ತರಿಸಿ ತೆಗೆದಿತ್ತು.

ಆ ಹೆಸರು ನನಗೆ ಗೊತ್ತಿತ್ತು. ಅವಳು ಇಮೆಲ್ಡಾ ಫೀನಿ.

"ಗದ್ದ ನೋಡು ಡಿಂಪ್ನಾ, ಥೇಟ್ ಅವಳಪ್ಪಂದು" ಎಂದು ಅಟ್ರಾಕ್ಟಾ ನನ್ನ ಮೊಣಕೈ ಮುಟ್ಟಿದಳು. "ಏಳು ವರ್ಷ ಎಲ್ಲೂ ಕಾಣ್ಲಿಲ್ಲ. ಆ ಮೇ ತಿಂಗಳು ಪೇಪರ್ ಬಿಚ್ಚಿದ ಕೂಡ್ಲೇ ಗೊತ್ತಾಯ್ತು. ಫೀನಿ ಮನೆಯವರು ತಗೊಂಡವ್ರೆ. ಒಳ್ಳೆ ಜನ. ಹೆಸರು ಮಾತ್ರ ಅವರಿಟ್ಟಿದ್ದು, ಅದು ನನಗೆ ಬೇಡ."

ಪುಟ ತಿರುಗಿಸಿದಳು. ಹುಡುಗಿ ನಗುತ್ತಿದ್ದಳು, ಹೆಗಲಿಗೆ ಶಾಲು. ಮುಂದಿನ ಪುಟದಲ್ಲಿ ಅದೇ ನಗು, ಅದೇ ಶಾಲು. ಅದರ ಮುಂದಿನದರಲ್ಲೂ. ಅಲ್ಲಿಂದ ಪುಸ್ತಕದ ಕೊನೆಯವರೆಗೆ ಅದೇ ಒಂದು ಚಿತ್ರ. ಇಮೆಲ್ಡಾ ಮಂಜಿನ ರಸ್ತೆಯಲ್ಲಿ ಕಾರು ಮಗುಚಿ ಸತ್ತಾಗ ಅವಳಿಗೆ ಇಪ್ಪತ್ನಾಲ್ಕು. ಅಂದಿನಿಂದ ಅವಳ ತಾಯಿ ಪ್ರತಿ ವರ್ಷದ ತಿಥಿಗೆ ಪೇಪರಿನಲ್ಲಿ ಅದೇ ಫೋಟೊ ಹಾಕಿಸುತ್ತಾಳೆ. ಅಟ್ರಾಕ್ಟಾ ಪ್ರತಿ ವರ್ಷವೂ ಅದನ್ನು ಕತ್ತರಿಸಿ ಹೊಸ ಪುಟಕ್ಕೆ ಅಂಟಿಸುತ್ತಾಳೆ.

ಬ್ರೀಜ್ ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟಳು.

"ಮಣ್ಣಿಗೂ ಹೋಗಿದ್ದೆ. ಸಾಲಲ್ಲಿ ನಿಂತು ಅವಳನ್ನ ಸಾಕಿದ ಅಮ್ಮನ ಕೈ ಕುಲುಕಿದೆ. 'ನಿಮ್ಮ ದುಃಖಕ್ಕೆ ನನಗೂ ದುಃಖ' ಅಂದೆ. ನನ್ನ ಕೈ ಕುಲುಕೋರು ಯಾರೂ ಇರ್ಲಿಲ್ಲ" ಎಂದಳು ಅಟ್ರಾಕ್ಟಾ.

ಆ ಚಳಿಗಾಲ ನಾನು ಅವಳ ಮನೆಗೆ ಹೋಗಿ ಬಂದು ಮಾಡುತ್ತಿದ್ದೆ. ಒಂಟಿ ಮನೆ, ಗುಡ್ಡದ ಬುಡದಲ್ಲಿ. ಚಹಾ ಕುಡಿಯುತ್ತ ಕೂತಿದ್ದಾಗ ಒಮ್ಮೆ ಮಹಡಿಯ ಹಲಗೆ ಕಿರ್ರೆಂದಿತು, ಯಾರೋ ಮಂಚದಿಂದ ಇಳಿದು ಕಿಟಕಿಗೆ ನಡೆದಂತೆ. ನಾನು ತಲೆಯೆತ್ತಿದೆ.

"ಅವಳೇ ಕಣೆ" ಎಂದಳು ಅಟ್ರಾಕ್ಟಾ, ರೊಟ್ಟಿಗೆ ಬೆಣ್ಣೆ ಸವರುತ್ತ. "ಮುಂಚೆ ಸಣ್ಣವಳಿದ್ದಾಗ ಓಡ್ತಿದ್ಲು. ಚಿತ್ರ ಬರದ ವರ್ಷ ಅವಳೂ ಬರ್ತಿರ್ಲಿಲ್ಲ. ಈಗ ಬೆಳೆಯೋದೇ ನಿಲ್ಲಿಸಿದಾಳೆ. ನಡೀತಾಳೆ, ಅಷ್ಟೆ."

ಹಳೆಯ ಮನೆಯ ಹಲಗೆ ಚಳಿಗೆ ಸದ್ದು ಮಾಡುತ್ತದೆ ಎಂದು ನನಗೂ ಗೊತ್ತು. ಆದರೂ ಮಹಡಿಯ ಮೆಟ್ಟಿಲಿಗೆ ಬೆನ್ನು ಹಾಕಿ ಕೂರಲು ನನ್ನಿಂದ ಆಗಲಿಲ್ಲ. ಇಮೆಲ್ಡಾ ಹುಟ್ಟುವ ಮುಂಚೆ ಮಿಸೆಸ್ ಫೀನಿ ತುಂಬಿದ ಹೊಟ್ಟೆ ಹೊತ್ತುಕೊಂಡು ನಮ್ಮ ಬಾಗಿಲ ಮುಂದೆಯೇ ಚರ್ಚಿನ ಪೂಜೆಗೆ ಹೋಗುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡವಳು. ಆದರೆ ಸತ್ತ ಮಗುವನ್ನು ಒಬ್ಬ ತಾಯಿಯಿಂದ ಕಿತ್ತುಕೊಳ್ಳುವುದು ಹೇಗೆ ಎಂದು ಸುಮ್ಮನಿದ್ದೆ.

ಕ್ರಿಸ್ಮಸ್‌ಗೆ ಮುಂಚೆ ಗ್ರಾನ್ಯಾ ನಮ್ಮ ಮೂವರ ಎಂಜಲನ್ನೂ ಡಿಎನ್‌ಎ ಪರೀಕ್ಷೆಗೆ ಕಳಿಸಿದ್ದಳು, ಮಕ್ಕಳು ಹುಡುಕುತ್ತಿದ್ದರೆ ತಾಳೆಯಾಗಲಿ ಎಂದು. "ನಂದ್ಯಾಕೆ, ನನ್ನವಳು ಮಣ್ಣಲ್ಲಿದಾಳೆ" ಎನ್ನುತ್ತಲೇ ಅಟ್ರಾಕ್ಟಾ ನಮ್ಮ ಜೊತೆಗೆಂದು ಉಗುಳಿದ್ದಳು. ಜನವರಿ ಕೊನೆಗೆ ತಾಳೆಯಾದದ್ದು ಅವಳದೊಂದೇ. ಮಗಳು ಕಾರ್ಕ್ ನಗರದಲ್ಲಿದ್ದಾಳೆ, ಹೆಸರು ಆಲಿವ್, ಭಾನುವಾರ ಬರುತ್ತಾಳೆ ಎಂದು ಗ್ರಾನ್ಯಾ ಹೇಳಿದಳು.

"ಬೇಡ" ಎಂದಳು ಅಟ್ರಾಕ್ಟಾ.

"ಪರೀಕ್ಷೆ ಸುಳ್ಳು ಹೇಳಲ್ಲ, ಅವರು ನಿಮ್ಮ ಮಗಳೇ."

"ನನಗೆ ಒಬ್ಬಳಿದಾಳೆ. ಇನ್ನೊಬ್ಬಳು ಒಳಗೆ ಬಂದ್ರೆ ಅವಳೆಲ್ಲಿಗೆ ಹೋಗ್ಬೇಕು?"

ಆಲಿವ್ ಬಂದೇಬಿಟ್ಟಳು. ಲೈಬ್ರರಿಯ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಾಗ ನಾನೂ ಬ್ರೀಜೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಟ್ರಾಕ್ಟಾಳದೇ ಹಣೆ, ಹೊರಗೆ ಚಾಚಿದ ಅದೇ ಕಿವಿ, ನಿಲ್ಲುವಾಗ ಒಂದು ಹೆಗಲು ತಗ್ಗಿಸುವ ಅದೇ ರೀತಿ. ಅಟ್ರಾಕ್ಟಾ ಮಾತ್ರ ಅಷ್ಟು ವರ್ಷವೂ ಹುಡುಕಿದ್ದು ಆ ಗಂಡಸಿನ ಗದ್ದವನ್ನು. ತನ್ನ ಮುಖ ಹೊತ್ತು ಬಂದವಳು ಅವಳಿಗೆ ಕಾಣಲಿಲ್ಲ.

"ದೂರದಿಂದ ಬಂದಿದೀರಿ. ಕೂತ್ಕೊಳ್ಳಿ, ಚಹಾ ಕುಡೀರಿ" ಎಂದಳು, ದಾರಿಹೋಕರಿಗೆ ಹೇಳುವಂತೆ.

ಆಲಿವ್ ಕೈಚೀಲದಿಂದ ಒಂದು ಫೋಟೊ ತೆಗೆದಳು. ಬಿಳಿ ಮುಸುಕಿನ ಏಳು ವರ್ಷದ ಹುಡುಗಿ, ಮುಂದಿನ ಹಲ್ಲು ಬಿದ್ದಿತ್ತು. "ನೀವು ಪುಸ್ತಕ ಮಾಡ್ತೀರಿ ಅಂತ ಗ್ರಾನ್ಯಾ ಹೇಳಿದ್ರು. ಇದಕ್ಕೆ ಅದರಲ್ಲಿ ಜಾಗ ಸಿಗತ್ತಾ?"

ಅಟ್ರಾಕ್ಟಾ ತನ್ನ ಪುಸ್ತಕದ ಮೇಲೆ ಎರಡೂ ಅಂಗೈ ಒತ್ತಿದಳು. "ಜಾಗ ಇಲ್ಲ. ತುಂಬಿದೆ."

ಆಲಿವ್ ಅಳಲಿಲ್ಲ. "ನೋಡ್ಬಹುದಾ?" ಎಂದಷ್ಟೇ ಕೇಳಿದಳು. ಅಟ್ರಾಕ್ಟಾಳ ಅಂಗೈ ನಿಧಾನಕ್ಕೆ ಸರಿಯಿತು. ಆಲಿವ್ ಒಂದೊಂದೇ ಪುಟ ನೋಡಿದಳು. ಶಾಲಿನ ಹುಡುಗಿಯ ಪುಟಗಳನ್ನೂ ಬಿಡದೆ, ಬೇರೆ ಬೇರೆ ಎಂಬಂತೆ ನೋಡಿದಳು. "ಇಷ್ಟು ವರ್ಷ ನನಗೋಸ್ಕರ ಅತ್ತಿದೀರಿ. ನಾನು ಕಾರ್ಕಲ್ಲಿ ಮೀನಂಗಡಿ ನಡೆಸ್ಕೊಂಡು ಆರಾಮಾಗಿದ್ದೆ" ಎಂದಳು.

ಬ್ರೀಜ್ ತಡೆಯಲಾರದೆ ಅಂದಳು: "ಅಯ್ಯೋ ಮಾರಾಯ್ತಿ, ಸತ್ತೋಳಿಗೆ ಸುರಿದ ಕಣ್ಣೀರಲ್ಲಿ ಒಂದು ಲೋಟ ಬದುಕಿರೋಳಿಗೂ ಇಡೆ!"

ಆಗ ನಾನು ಬಾಯಿ ಬಿಟ್ಟೆ. "ಅಟ್ರಾಕ್ಟಾ, ಆ ಹುಡುಗೀನ ಹೆತ್ತೋಳು ಮಿಸೆಸ್ ಫೀನಿನೇ. ಬಸುರಿ ಆಗಿದ್ದಾಗ ನಾನು ನೋಡಿದೀನಿ. ಇನ್ನೂ ಇದಾಳೆ ಆಕೆ. ತೊಂಬತ್ತಾಯ್ತು, ಒಬ್ಬಳೇ."

ಅವಳು ನನ್ನನ್ನೇ ನೋಡಿದಳು. ಕೋಪವಿರಲಿಲ್ಲ. "ಒಂದು ಸಲ ಕೊಟ್ಟಿದೀನಿ ಡಿಂಪ್ನಾ. ಸಿಸ್ಟರು ಕೈಯಿಂದ ಕಿತ್ಕೊಂಡ್ರು, ಅದು ಕೊಟ್ಟ ಹಾಗೆ. ಈಗ ನಾನೇ ಹೊತ್ಕೊಂಡು ಹೋಗಿ ಕೊಡ್ಬೇಕಾ?"

ಆಲಿವ್ ಆ ರಾತ್ರಿ ಊರಿನಲ್ಲೇ ಉಳಿದಳು. ಮರುದಿನ ಬೆಳಿಗ್ಗೆ ಅವಳ ಕಾರು ನನ್ನ ಮನೆ ಮುಂದೆ ನಿಂತಿತು. ಮುಂದಿನ ಸೀಟಿನಲ್ಲಿ ಅಟ್ರಾಕ್ಟಾ, ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಪುಸ್ತಕ. ಕೂಸನ್ನು ಎತ್ತಿಕೊಳ್ಳುವ ಹಾಗೆಯೇ ಹಿಡಿದಿದ್ದಳು. "ನೀನೂ ಬಾ" ಎಂದಳು ನನಗೆ.

ಫೀನಿ ಮನೆಯ ಬಾಗಿಲ ಮೇಲೆ ಸಂತ ಬ್ರಿಜಿಡಳ ಹಬ್ಬಕ್ಕೆಂದು ಜೊಂಡುಹುಲ್ಲಿನ ಹೊಸ ಶಿಲುಬೆ ಸಿಕ್ಕಿಸಿತ್ತು. ಮಿಸೆಸ್ ಫೀನಿ ಕೋಲೂರಿಕೊಂಡು ಬಂದು ನಮ್ಮನ್ನು ಒಳಗೆ ಕರೆದಳು. ಅಟ್ರಾಕ್ಟಾ ಟವೆಲು ಬಿಚ್ಚಿ ಪುಸ್ತಕವನ್ನು ಅವಳ ಮುಂದಿಟ್ಟಳು. "ಇದು ನಿಮ್ಮದು. ನನ್ನವಳು ಅಂದ್ಕೊಂಡಿದ್ದೆ" ಎಂದಳು.

ಮುದುಕಿ ಪುಟ ತಿರುಗಿಸಿದಳು. ತನ್ನ ಮನೆಯಲ್ಲಿಲ್ಲದ ಚಿತ್ರಗಳೂ ಇದ್ದವೇನೋ, ಕೆಲವು ಕಡೆ ಬೆರಳು ನಿಂತಿತು. ಕತ್ತರಿಸಿದ ಹೆಸರಿನ ಅಂಚನ್ನು ಉಗುರಿನಿಂದ ಮುಟ್ಟಿ, "ಇಮೆಲ್ಡಾ ಅಂತ ಅವಳ ಹೆಸರು" ಎಂದಳು, ಗಟ್ಟಿಯಾಗಿ. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ತಲೆಯೆತ್ತಿ ಕೇಳಿದಳು:

"ನಿಮ್ಮ ಮನೆಗೆ ಬರ್ತಾಳಾ ಅವಳು?"

ಅಟ್ರಾಕ್ಟಾ ಹೂಂ ಎಂದಳು.

"ಪ್ರತಿ ವರ್ಷ ಸತ್ತವರ ಹಬ್ಬಕ್ಕೆ ಬಾಗಿಲ ಚಿಲಕ ತೆಗೆದಿಡ್ತೀನಿ. ಒಲೆ ಆರೋಕೆ ಬಿಡಲ್ಲ. ಒಂದು ಸಲಾನೂ ಬರ್ಲಿಲ್ಲ. ನನ್ನ ಮೇಲೆ ಮುನಿಸೇನೋ ಅಂದ್ಕೊಂಡಿದ್ದೆ." ಅವಳ ಕೈ ಪುಸ್ತಕದ ಮೇಲೆ ಮಡಚಿಕೊಂಡಿತು. "ನಿಮ್ಮನೇಲಿ ಇದ್ಲಾ. ಇಲ್ಲಿ ಬಿಟ್ಟು ಹೋಗಿ."

ಬಿಟ್ಟು ಬಂದೆವು. ಕಾರಿನಲ್ಲಿ ಅಟ್ರಾಕ್ಟಾ ಖಾಲಿ ಟವೆಲನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಅವಳ ಮನೆ ಮುಟ್ಟಿದಾಗ ಆಲಿವ್ ಕೇಳದೆಯೇ ಒಲೆಗೆ ಕೆಟಲ್ ಇಟ್ಟಳು. ಅಟ್ರಾಕ್ಟಾ ಕೋಟು ಬಿಚ್ಚದೆ ಮಹಡಿಯ ಮೆಟ್ಟಿಲ ಕೆಳಗೆ ಕತ್ತು ಎತ್ತಿ ನಿಂತಳು. ನಾನೂ ಕಿವಿಗೊಟ್ಟೆ. ಹೊರಗೆ ಗಾಳಿ ಜೋರಾಗಿತ್ತು, ಆದರೂ ಮೇಲೆ ಒಂದು ಹಲಗೆಯೂ ಮಿಸುಕಲಿಲ್ಲ.

"ಕೇಳ್ಸಲ್ಲ ಕಣೆ" ಎಂದಳು. ಆ ಮುಖ ನಾನು ಹಿಂದೆ ಒಂದೇ ಕಡೆ ಕಂಡಿದ್ದೆ, ಸಿಸ್ಟರುಗಳ ಮನೆಯಲ್ಲಿ, ಕೂಸಿಲ್ಲದ ತೊಟ್ಟಿಲುಗಳ ಸಾಲಿನ ಮುಂದೆ ನಿಂತವರಲ್ಲಿ.

ಅಡುಗೆಮನೆಯಿಂದ ಆಲಿವ್ ಕೂಗಿದಳು, "ಸಕ್ಕರೆ ಎಲ್ಲಿಡ್ತೀರಿ?"

ಅಟ್ರಾಕ್ಟಾ ಮೆಟ್ಟಿಲ ಕಡೆಯಿಂದ ಕಣ್ಣು ಕೀಳದೆಯೇ ಹೇಳಿದಳು, "ನಿನ್ನ ತಲೆ ಮೇಲೇ ಇದೆ ನೋಡು, ನೀಲಿ ಡಬ್ಬಿ."

ಇಮೆಲ್ಡಾ ಆ ಮನೆ ಬಿಟ್ಟು ಹೋದದ್ದು ಸಂತ ಬ್ರಿಜಿಡಳ ಹಬ್ಬದ ದಿನ, ಸೋಮವಾರ.