ಅಳುವ ಪದ

ನಂಜಪ್ಪ ಹಂಡೆಯ ಒಲೆಯನ್ನು ಊದುತ್ತಲೇ ಇದ್ದ. ಕಾಫಿ ಗಿಡದ ಕಡ್ಡಿ ಹಸಿಯಾಗಿತ್ತು. ಹೊಗೆ ಬಂದಷ್ಟು ಬೆಂಕಿ ಬರುತ್ತಿರಲಿಲ್ಲ. ಅವನ ಹೆಂಡತಿ ಕಾಳಮ್ಮನ ಹೆಣ ಜಗಲಿಯಲ್ಲಿ ಚಾಪೆಯ ಮೇಲಿತ್ತು.

"ಮೀಸೋ ನೀರು ಉಗುರುಬೆಚ್ಚಗಾದ್ರೆ ಸಾಕು ನಂಜಪ್ಪಣ್ಣ," ಎಂದಳು ಪಕ್ಕದ ಮನೆಯ ಗುರುಸಿದ್ದಮ್ಮ. "ಅವಳಿಗೇನು ಈಗ ಚಳಿಯಾ?"

"ಕಾಯ್ಲಿ," ಎಂದ ಅವನು ತಲೆ ಎತ್ತದೆ.

ಗುರುಸಿದ್ದಮ್ಮ ಅಂಗಳದ ಹೆಂಗಸರತ್ತ ತಿರುಗಿದಳು. "ಊರಿನ ಹೆಣಕ್ಕೆಲ್ಲ ಪದ ಹೇಳಿದೋಳು. ಅವಳನ್ನೇ ಸುಮ್ನೆ ಕಳಿಸ್ಬೇಕಲ್ಲ. ಯಾರಿಗೂ ಬರಲ್ವಾ?"

ಯಾರಿಗೂ ಬರುತ್ತಿರಲಿಲ್ಲ. ಕಾಳಮ್ಮ ಇದ್ದಾಳಲ್ಲ ಎಂದು ಯಾರೂ ಕಲಿಯಲೂ ಹೋಗಿರಲಿಲ್ಲ.

"ನನ್ನ ಮೊಬೈಲಲ್ಲಿದೆ," ಎಂದಳು ಮಗಳು ಯಮುನ. "ರೇಡಿಯೋದಲ್ಲಿ ಬಂದಿದ್ದು."

"ಆ ರೇಡಿಯೋ ಸುದ್ದಿ ಎತ್ತಬೇಡ!" ನಂಜಪ್ಪ ಊದುಗೊಳವೆ ಬಿಸಾಡಿದ. "ನಿಮ್ಮವ್ವನ್ನ ತಿಂದಿದ್ದೇ ಅದು."

*

ಕಾಳಮ್ಮ ಎಸ್ಟೇಟಿನಲ್ಲಿ ಕಾಫಿ ಕುಯ್ಯುವವಳು. ಕೊಡ್ಲಿಪೇಟೆಯ ಆಚೀಚೆ ಯಾರೇ ಸತ್ತರೂ ಅವಳಿಗೆ ಕರೆ ಬರುತ್ತಿತ್ತು. ಹಣ್ಣಿನ ಚೀಲ ಅಲ್ಲೇ ಬಿಟ್ಟು ಹೊರಡುತ್ತಿದ್ದಳು, ಲೆಕ್ಕ ಬರೆಯುವ ರೈಟರ್ ಬೈದರೆ ಬೈದುಕೊಳ್ಳಲಿ ಎಂದು. ಸಾವಿನ ಮನೆಯಲ್ಲಿ ಕೂತು, ಸತ್ತವರು ಬಿಟ್ಟುಹೋದ ಹಸು, ಹಲಸಿನ ಮರ, ಮುನಿಸಿಕೊಂಡ ಸೊಸೆ, ಎಲ್ಲವನ್ನೂ ಪದದಲ್ಲಿ ಕಟ್ಟಿ ಅಳುತ್ತಿದ್ದಳು. ಕಲ್ಲಿನಂಥವರೂ ಅತ್ತುಬಿಡುತ್ತಿದ್ದರು. ಸಾವಿನ ಮನೆಯಿಂದ ಬಂದವರು ಮಿಂದೇ ಒಳಗೆ ಬರಬೇಕು. ಅವಳು ಯಾವ ಹೊತ್ತಿಗೆ ಬಂದರೂ ನಂಜಪ್ಪ ಹಂಡೆಯಲ್ಲಿ ನೀರು ಕಾಯಿಸಿಟ್ಟಿರುತ್ತಿದ್ದ. ಗಂಡ ಹೆಂಡಿರ ನಡುವೆ ಪ್ರೀತಿ ಅಂತೇನಾದರೂ ಇದ್ದರೆ ಅದು ಆ ಬಿಸಿನೀರಿನಲ್ಲಿತ್ತು.

ರೇಡಿಯೋದವರು ಮಡಿಕೇರಿಯಲ್ಲಿ ಜನ ಸೇರಿಸಿ, ಅವರೆದುರಿಗೇ ಕಲಾವಿದರನ್ನು ಮಾತಾಡಿಸಿ ರೆಕಾರ್ಡ್ ಮಾಡುತ್ತಿದ್ದರು. ಒಮ್ಮೆ ಅತಿಥಿಯಾಗಿ ಕಾಳಮ್ಮನನ್ನು ಕರೆದರು.

"ಸೋಬಾನೆ ಹೇಳು, ಬೇಡ ಅನ್ನಲ್ಲ," ಎಂದಿದ್ದ ನಂಜಪ್ಪ. "ಅಳುವ ಪದ ಮಾತ್ರ ಬೇಡ. ಹೆಣ ಇಲ್ಲದ ಕಡೆ ಅದನ್ನ ಹೇಳಿದ್ರೆ ಅದೇ ಹೆಣ ಹುಡುಕ್ಕೊಂಡು ಬತ್ತದೆ."

ಅವಳು ಕತ್ತಲಾದ ಮೇಲೆ ಬಂದಳು. ಅವನು ಬಾಗಿಲಿಗೆ ಅಡ್ಡ ನಿಂತಿದ್ದ.

"ಹೇಳ್ದಾ?"

"ಹೇಳ್ದೆ."

"ಹಂಗಾದ್ರೆ ಮಿಂದು ಒಳಗೆ ಬಾ."

ಹಂಡೆಯ ಒಲೆ ಹೊತ್ತಿರಲಿಲ್ಲ. ಚಳಿಗಾಲ ಬೇರೆ. ಕಾಳಮ್ಮ ಎದುರಾಡದೆ ಬಾವಿಯಿಂದ ನೀರು ಸೇದಿ ತಲೆಯ ಮೇಲೆ ಸುರಿದುಕೊಂಡಳು. ಒಳಗೆ ಕೂತ ನಂಜಪ್ಪ ಒಂದೊಂದು ಬಿಂದಿಗೆ ಸುರಿದ ಸದ್ದನ್ನೂ ಕೇಳಿಸಿಕೊಂಡ. ಕಾರ್ಯಕ್ರಮ ರೇಡಿಯೋದಲ್ಲಿ ಬಂದ ದಿನ ಮನೆಯಲ್ಲಿ ನಿಲ್ಲದೆ ಗದ್ದೆಗೆ ಹೋಗಿ ಕೂತ. ಮಳೆಗಾಲಕ್ಕೆ ಮುಂಚೆ ಅವಳು ಹಾಸಿಗೆ ಹಿಡಿದಾಗ, ನೋಡಲು ಬಂದವರಿಗೆಲ್ಲ ಆ ಪದದ ಕತೆಯನ್ನೇ ಹೇಳಿದ. ಅವಳು ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಳು.

*

ಹೆಣಕ್ಕೆ ನೀರು ಹಾಕಿದ್ದಾಯಿತು, ಚಟ್ಟ ಕಟ್ಟಿದ್ದಾಯಿತು. ನಾಲ್ವರು ಹೆಗಲು ಕೊಟ್ಟರು. ಅಂಗಳ ಸುಮ್ಮನಿತ್ತು. ಯಮುನಳಿಗೆ ಆ ಸುಮ್ಮನಿರುವಿಕೆಯನ್ನು ತಡೆಯಲಾಗಲಿಲ್ಲ.

"ಅಪ್ಪ, ಅವ್ವಂಗೆ ಮೊದಲೇ ಗೊತ್ತಿತ್ತು. ಮಡಿಕೇರಿಗೆ ಹೋಗೋ ಮುಂಚೆನೇ ಹಾಸನದ ಡಾಕ್ಟ್ರು ಕೈಬಿಟ್ಟಿದ್ರು. ಅಪ್ಪಂಗೆ ಹೇಳಿದ್ರೆ ನನ್ನಾಣೆ ಅಂದಿದ್ಲು."

ನಂಜಪ್ಪ ಮಗಳ ಮುಖವನ್ನೇ ನೋಡಿದ. "ಮತ್ತೆ ನಾನು ಅಷ್ಟೊಂದು ಅಂದಾಗ ಸುಮ್ನಿದ್ಲಲ್ಲ?"

"ನಿಮ್ಮಪ್ಪ ಸಿಟ್ಟಲ್ಲಿದ್ರೆ ಊಟನಾದ್ರೂ ಮಾಡ್ತಾರೆ, ಹೆದರಿದ್ರೆ ಅದೂ ಮಾಡಲ್ಲ ಅಂದ್ಲು."

ನಂಜಪ್ಪ ಹೊತ್ತವರತ್ತ ಕೈ ಎತ್ತಿ ತಡೆದ. "ಹಾಕು ಅದನ್ನ," ಎಂದ ಮಗಳಿಗೆ.

ಮೊಬೈಲಿನಲ್ಲಿ ನಿರೂಪಕ ಅಶೋಕನ ಹುರುಪಿನ ದನಿ: "ಹೆಣ ಇಲ್ಲದೆ ಈ ಪದ ಹೇಳಬಾರದಂತಲ್ಲಮ್ಮ?"

"ಇಲ್ಲೇ ಕೂತದಲ್ಲ ಸ್ವಾಮಿ, ನಿಮ್ಮತ್ರ ಮಾತಾಡ್ತಾ," ಎಂದಳು ಕಾಳಮ್ಮ.

ಮಡಿಕೇರಿಯ ಸಭೆ ಗೊಳ್ಳೆಂದು ನಕ್ಕಿತು. ಅಂಗಳದಲ್ಲಿ ಗುರುಸಿದ್ದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟರಲ್ಲಿ ಪದ ಶುರುವಾಯಿತು.

"ಅಂಗಳ ದಾಟ್ತೀಯ ಕಾಳವ್ವ, ಹಿಂದಕ್ಕೆ ನೋಡಬೇಡ
ಹಂಡೇಲಿ ನೀರು ಕಾಯಿಸಿ ನಿಂತವನೆ ನಿನ್ನೋನು
ಯಾರಿಗೆ ಕಾಯಿಸ್ತಾನೋ ಇನ್ನು, ನೋಡಬೇಡ..."

ನಂಜಪ್ಪ ಹಂಡೆಯತ್ತ ತಿರುಗಿ ಅತ್ತ. ಎಷ್ಟೋ ಮನೆಗಳನ್ನು ಅಳಿಸಿದ ದನಿ ಕೊನೆಗೆ ತನ್ನ ಮನೆಯನ್ನು ಅಳಿಸಿತು. ಹೊತ್ತವರೂ ಅತ್ತರು. ಪದ ಮುಗಿಯಿತು.

ಮುಗಿದದ್ದೇ ತಡ, ಸಭೆಯ ಚಪ್ಪಾಳೆ ಶುರುವಾಯಿತು. ಯಾರೋ ಶಿಳ್ಳೆ ಹಾಕಿದರು. "ಅದ್ಭುತ! ಇನ್ನೊಂದ್ಸಲ ಜೋರಾಗಿ ಚಪ್ಪಾಳೆ!" ಎಂದ ಅಶೋಕ್. ಯಾವುದನ್ನು ಒತ್ತಬೇಕೆಂದು ತಿಳಿಯದೆ ಯಮುನ ತಡವರಿಸಿದಳು. ನಂಜಪ್ಪ ಅವಳ ಕೈಯಿಂದ ಮೊಬೈಲು ಕಿತ್ತುಕೊಂಡು, ಒಲೆಯ ಮಸಿ ಮೆತ್ತಿದ ಎರಡೂ ಅಂಗೈಗಳಲ್ಲಿ ಬಿಗಿಯಾಗಿ ಮುಚ್ಚಿ ಎದೆಗೆ ಒತ್ತಿಕೊಂಡ. ಚಟ್ಟ ಹೊತ್ತವರು ಹೋಗಬೇಕೋ ನಿಲ್ಲಬೇಕೋ ತಿಳಿಯದೆ ನಿಂತಿದ್ದರು. ಅವನ ಬೆರಳುಗಳ ಸಂದಿಯಿಂದ ಚಪ್ಪಾಳೆ ಬರುತ್ತಲೇ ಇತ್ತು.